ಕಾಲಿಗೆ ಕಡಿದದ್ದೋ, ನಿನ್ನೆ ಕಡಿದದ್ದೋ

ಇದು ಕಳೆದ ಡಿಸೆಂಬರಿನ ಮಾತು. ನಾನಾಗ ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ ತಾಲ್ಲೂಕಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಈಗಲೂ ಅಲ್ಲಿಯೇ ಇದ್ದೇನೆ, ಹಾಗಾಗಿ ಆಸ್ಪತ್ರೆಯ ಹೆಸರು ಬೇಡ. ಮನೆ ಸೊಲ್ಲಾಪುರದಲ್ಲಿ. ದಿನವೂ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬರುವ ನೌಕರಿ. ಆ ಬಸ್ಸಿನ ಕಿಟಕಿಗಳು ಬೇಸಿಗೆಯಲ್ಲಿ ತೆರೆಯುವುದಿಲ್ಲ, ಚಳಿಗಾಲದಲ್ಲಿ ಮುಚ್ಚುವುದಿಲ್ಲ. ಯೂನಿಫಾರ್ಮಿನ ಮೇಲೆ ನವಿ ಪೇಠದಲ್ಲಿ ಕೊಂಡ ಸ್ವೆಟರು, ಅದರ ಮೇಲೊಂದು ಚಾದರು, ಮಡಿಲಲ್ಲಿ ಸಜ್ಜಿ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ. ಹೀಗೆ ನಡುಗುತ್ತ ಹೋಗಿ ಆಸ್ಪತ್ರೆ ಮುಟ್ಟಿದ ಮೇಲೆ ಬಿಸಿ ಚಹಾ ಸಿಕ್ಕರೆ ಆ ದಿನ ಒಳ್ಳೆಯ ದಿನ.

ನಮ್ಮದು ಅಕ್ಕಲಕೋಟೆ ಕಡೆಯ ಹಳ್ಳಿಯ ಬೌದ್ಧ ಕುಟುಂಬ. ಮನೆಯಲ್ಲಿ ಬುದ್ಧವಂದನೆ ಮರಾಠಿಯವರ ಧಾಟಿಯಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತದ್ದರಿಂದ ಇದನ್ನು ಬರೆಯಲು ಬರುತ್ತಿದೆ. ನನ್ನ ಮಕ್ಕಳಿಗೆ ಇದನ್ನು ಓದಲು ಬರುವುದಿಲ್ಲ.

ನರ್ಸ್ ಎಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಕೀವು, ವಾಂತಿ, ಹೇಲು ನೋಡಿ ನಿಮಗೆ ಹೇಸಿಗೆ ಆಗುವುದಿಲ್ಲವೇ? ಆಗುವುದಿಲ್ಲ. ಬೆಡ್‌ಪ್ಯಾನ್ ತೊಳೆದು, ಕೈ ತೊಳೆದು, ಅದೇ ಕೈಯಿಂದ ರೊಟ್ಟಿ ಮುರಿದು ತಿಂದವಳು ನಾನು. ಕಾಯಿಲೆಯ ಹೊಲಸಿಗೆ ಕಾರಣವಿರುತ್ತದೆ. ನನಗೆ ಹೇಸಿಗೆ ಬಂದದ್ದು ಹಾಲಿನಂತಹ ಬಿಳಿ ಅಂಗಿ ತೊಟ್ಟ, ಅತ್ತರು ಪೂಸಿಕೊಂಡ ಒಬ್ಬ ಮನುಷ್ಯನನ್ನು ಕಂಡು. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಆ ವಾರ ಮತ್ತೆ ಭಾಷೆಯ ಜಗಳ ಎದ್ದಿತ್ತು. ಗಡಿಯ ಆಚೆ, ಕರ್ನಾಟಕದಲ್ಲಿ, ಮಹಾರಾಷ್ಟ್ರದ ಬಸ್ಸಿಗೆ ಮಸಿ ಬಳಿದರು. ಈಚೆಯವರು ಬಿಟ್ಟಾರೆಯೇ, ಕರ್ನಾಟಕದ ಬಸ್ಸಿಗೆ ಮಸಿ ಬಳಿದರು. ಗಡಿ ದಾಟುವ ಬಸ್ಸುಗಳು ಎರಡೂ ಕಡೆ ನಿಂತವು. ಕನ್ನಡದಲ್ಲಿ ನಂಬರು ಬರೆದ ಪಾಟಿಯ ಲಾರಿಯ ಡ್ರೈವರನನ್ನು ಇಳಿಸಿ ಕಪಾಳಕ್ಕೆ ಹೊಡೆದದ್ದನ್ನು ಬಸ್ಸಿನ ಕಿಟಕಿಯಿಂದ ನಾನೇ ಕಂಡೆ. ಆಚೆ ಕಡೆ ಮರಾಠಿ ಪಾಟಿಯ ಡ್ರೈವರನಿಗೆ ಇದೇ ಪೂಜೆ ಆಯಿತೆಂದು ಬಸ್ಸಿನಲ್ಲಿ ಕೂತವರು ಹೇಳಿದರು. ನಮ್ಮ ಆಸ್ಪತ್ರೆಯ ಹೊರಕೋಣೆಯ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಗದ್ದಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗೊಣಗಿ ನಾನು ನನ್ನ ಕೆಲಸ ನೋಡಿಕೊಂಡೆ.

ಅದೇ ವಾರ ಒಂದು ದಿನ ಬಿಸಿಲು ಏರಿದ ಮೇಲೆ ನಮ್ಮ ತಾಲ್ಲೂಕಿನದೇ ಆದ ವಾಗದರಿ ಕಡೆಯಿಂದ ಒಂದು ಜೀಪು ಬಂತು. ತೊಗರಿ ಕೊಯ್ಯುವ ಕೂಲಿಯವರು. ಗಡಿಯಾಚೆಯ ಹಳ್ಳಿಯಿಂದ ಕೆಲಸಕ್ಕೆ ಬಂದಿದ್ದ ಮಹಾದೇವಿ ಎಂಬ ಹೆಣ್ಣುಮಗಳಿಗೆ ಹಾವು ಕಡಿದಿತ್ತು. ಜೊತೆಗೆ ಅತ್ತೆ ನಾಗವ್ವ. ಮಹಾದೇವಿಯ ಗಂಡ ದೂರದ ಊರಿಗೆ ಕಬ್ಬು ಕಡಿಯಲು ಹೋಗಿದ್ದ. ಅವರು ಹಾವು, ಚೇಳು, ಹೆರಿಗೆ ಏನಿದ್ದರೂ ಕಲಬುರಗಿಯ ಕಡೆ ಹೋಗುವವರು. ಆ ದಾರಿ ಬಂದ್ ಆಗಿದೆ ಎಂದು ಹೊಲದ ಮಾಲೀಕ ನಮ್ಮಲ್ಲಿಗೆ ಕಳಿಸಿದ್ದ. ಜೀಪಿನವನು ಇವರನ್ನು ಇಳಿಸಿದವನೇ ಬಾಡಿಗೆ ಇದೆಯೆಂದು ಹೊರಟುಹೋದ.

ಡ್ಯೂಟಿಯಲ್ಲಿದ್ದದ್ದು ಡಾಕ್ಟರ್ ಕೇದಾರ್. ಕೊಂಕಣದ ಕಡೆಯ ಹುಡುಗ, ಬಂದು ಒಂದೆರಡು ತಿಂಗಳಾಗಿತ್ತು. ಒಳ್ಳೆಯವನು, ಕೆಲಸಗಾರ, ಕನ್ನಡ ಒಂದಕ್ಷರ ಬಾರದು. ನಾನು ಒಳಗೆ ಒಂದು ಮಗುವಿಗೆ ಸಲೈನ್ ಹಚ್ಚುತ್ತಿದ್ದೆ, ಇಲ್ಲಿಯ ಮಾತು ನನಗೆ ಆಮೇಲೆ ತಿಳಿದದ್ದು. ಅವನು ಕಡಿದ ಜಾಗ ನೋಡಿ, ಎಷ್ಟು ಹೊತ್ತಾಯಿತು ಎಂದು ಮರಾಠಿಯಲ್ಲಿ ಕೇಳಿದ. ನಾಗವ್ವನಿಗೆ ತಿಳಿಯಲಿಲ್ಲ. ಸೊಸೆಯ ಪಾದ ತೋರಿಸಿ "ಕಾಲರಿ, ಕಾಲ" ಎಂದಳು.

"ಕಾಲ್? ಕಾಲ್ ಚಾವ್ಲಾ ಕಾ?" ಎಂದು ಡಾಕ್ಟರ್ ಕೇಳಿದ.

"ಹೂನ್ರಿ ಸಾಹೇಬ್ರ, ಕಾಲ. ಕಾಲ."

ಮರಾಠಿ ಬಲ್ಲವರಿಗೆ ಇಲ್ಲಿ ಏನಾಯಿತೆಂದು ಗೊತ್ತಾಗಿರಬೇಕು. ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆ. ನಿನ್ನೆ ಕಡಿಯಿತೇ ಎಂದು ಅವನು ಕೇಳಿದ. ಕಾಲಿಗೇ ಕಡಿಯಿತು ಎಂದು ಇವಳು ಹೇಳಿದಳು. ಇಬ್ಬರೂ ತಲೆಯಾಡಿಸಿದರು. ನಿನ್ನೆ ಕಡಿದದ್ದು, ಇಷ್ಟು ಹೊತ್ತಾದರೂ ಬರೀ ಸ್ವಲ್ಪ ಬಾವು, ಮಾತು ಸರಿಯಿದೆ, ಉಸಿರು ಸರಿಯಿದೆ. ವಿಷ ಏರಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು ಎಂದು ಅವನ ಲೆಕ್ಕ. ನಿನ್ನೆಯೇ ಕಡಿದಿದ್ದರೆ ಆ ಲೆಕ್ಕ ತೀರಾ ತಪ್ಪೂ ಅಲ್ಲ. ಟಿ.ಟಿ. ಇಂಜೆಕ್ಷನ್ ಕೊಟ್ಟು ಹೊರಗೆ ಕೂರಿಸಿ, ಕಾಲ್ ಎಂದು ಮುದುಕಿಯೇ ಹೇಳಿದಳು, ಸಂಜೆಯವರೆಗೆ ನೋಡೋಣ ಎಂದು ನನಗೆ ಹೇಳಿ ಅವನು ಹೆರಿಗೆ ಕೋಣೆಗೆ ಹೋದ.

ನಾನು ಸಿರಿಂಜ್ ಹಿಡಿದು ಹೊರಗೆ ಬಂದಾಗ ಅತ್ತೆ, ಸೊಸೆ ಬೆಂಚಿನ ಮೇಲೆ ಕೂತಿದ್ದರು. ತಲೆಯ ಮೇಲಿನ ಟಿವಿಯಲ್ಲಿ ಒಬ್ಬ, ಭಾಷೆಗಾಗಿ ಪ್ರಾಣ ಕೊಡಲು ಸಿದ್ಧ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ನನಗೆ ಮೊದಲೇ ಸಿಟ್ಟು ಬಂದಿತ್ತು. ಹಾವು ಕಡಿದವರು ಮಂತ್ರ, ದಾರ ಎಂದು ಹೊತ್ತು ಕಳೆದು ಕೊನೆಗೆ ನಮ್ಮ ಬಾಗಿಲಿಗೆ ಬರುವುದನ್ನು ಎಷ್ಟು ಸಲ ಕಂಡಿಲ್ಲ. ಮುದುಕಿಯನ್ನು ಬೈದೆ.

"ನಿನ್ನಿ ಕಡದದ್ದಕ್ಕ ಇವತ್ತ ಬರ್ತೀರೇನು? ಇಷ್ಟೊತ್ತನಕ ಮಂತ್ರ ಹಾಕಿಸ್ಕೋತ ಕುಂತಿದ್ರೇನು?"

ನಾಗವ್ವ ಕಣ್ಣು ಕಣ್ಣು ಬಿಟ್ಟಳು. "ನಿನ್ನಿ ಎಲ್ಲಿ ಬಂತ್ರಿ ಬಾಯಾರ? ಈಗ ಬುತ್ತಿ ಬಿಚ್ಚೂ ಹೊತ್ತಿನ್ಯಾಗ ಕಡದೈತಿ. ಇನ್ನಾ ಉಂಡಿಲ್ರಿ ನಾವು."

"ಮತ್ತ ಡಾಕ್ಟರಿಗಿ ಕಾಲ್ ಅಂದ್ರೆಂತ?"

"ಕಾಲಿಗೇ ಕಡದೈತಲ್ರಿ. ಕಾಲ ಅನ್ನದ ಕೈ ಅನ್ಲೇನ್ರಿ?"

ಓಡಿಹೋಗಿ ಹೆರಿಗೆ ಕೋಣೆಯ ಬಾಗಿಲು ಬಡಿದು ಹೇಳಿದೆ. "ಕಾಲ್ ಮ್ಹಣಜೇ ಪಾಯ್?" ಎಂದು ಕೇದಾರ್ ಕೇಳಿದ. ಕಾಲ್ ಅಂದರೆ ಪಾದವೇ ಎಂದು. ಅಷ್ಟೇ. ನನ್ನ ಮೇಲಾಗಲಿ ಮುದುಕಿಯ ಮೇಲಾಗಲಿ ತಪ್ಪು ಹಾಕಲಿಲ್ಲ, ಗ್ಲೌಸ್ ಕಿತ್ತೆಸೆದು ಓಡಿ ಬಂದ. ಅವನ ಬಗ್ಗೆ ಯಾರೇನೇ ಅಂದರೂ ನಾನು ಕೇಳುವುದಿಲ್ಲ.

ಇಂಥ ಕಡಿತಕ್ಕೆ ಒಂದು ಸರಳ ಪರೀಕ್ಷೆಯಿದೆ. ರೋಗಿಯ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿ ನೋಡಿದಾಗ ರಕ್ತ ಹೆಪ್ಪುಗಟ್ಟಿದ್ದರೆ ಸರಿ. ಮಹಾದೇವಿಯ ರಕ್ತ ನೀರಿನಂತೆ ಹರಿಯಿತು. ಕೂಡಲೇ ಎ.ಎಸ್.ವಿ. ಹಚ್ಚಿದೆವು, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ನಮ್ಮಲ್ಲಿದ್ದ ಬಾಟಲಿಗಳೆಲ್ಲ ಹೋದವು. ಆದರೂ ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಸಡಿನಲ್ಲಿ ರಕ್ತ ಕಾಣಿಸಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನಿಂತೇಹೋಯಿತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿ ಡಯಾಲಿಸಿಸ್ ಮಾಡಿಸದಿದ್ದರೆ ಈಕೆ ಉಳಿಯುವುದಿಲ್ಲ ಎಂದು ಕೇದಾರ್ ಹೇಳಿದ. ಅವನೇ ಫೋನ್ ಮಾಡಿ ಬೆಡ್ ಇರಿಸಿದ. ಆಂಬುಲೆನ್ಸಿನಲ್ಲಿ ರೋಗಿ, ಅತ್ತೆ, ನಾನು. ಡ್ರೈವರ್ ರಫೀಕ್‌ಭಾಯಿ.

ಸೊಲ್ಲಾಪುರದ ಹೊಸ್ತಿಲಿಗೆ ಬಂದಾಗ ರಸ್ತೆಯ ಮೇಲೆ ಟೈರು ಸುಡುತ್ತಿದ್ದವು. ಭಾಷೆಯ ಹೆಸರಿನಲ್ಲಿ ರಸ್ತಾ ರೋಕೋ. ಮುಂದೆ ಲಾರಿಗಳ ಸಾಲು. ಮಹಾದೇವಿಯ ಬಿ.ಪಿ. ಇಳಿಯುತ್ತಿತ್ತು. ಹೊರಗಿನ ಘೋಷಣೆ ಕೇಳಿ ನಾಗವ್ವ ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು. "ದಾರಿ ಬಿಡ್ರಪ್ಪೋ, ನನ್ನ ಸೊಸಿ ಸಾಯಾಕತ್ತ್ಯಾಳ."

ಲಾರಿ ಡ್ರೈವರನ ಕಪಾಳ ನನ್ನ ಕಣ್ಣೆದುರಿತ್ತು. ಆ ಗುಂಪಿನಲ್ಲಿ ಎಲ್ಲರೂ ಕೆಟ್ಟವರಿರಲಿಕ್ಕಿಲ್ಲ, ಆದರೆ ಕೆಟ್ಟವನು ಒಬ್ಬ ಸಾಕು. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ. "ಆಯಿ, ಕನ್ನಡ ಮಾತಾಡಬ್ಯಾಡ್ರಿ. ನಾ ಹೇಳೂತನಕ ಒಂದ ಮಾತೂ ಆಡಬ್ಯಾಡ್ರಿ." ನನ್ನ ತಾಯಿಯ ವಯಸ್ಸಿನವಳಿಗೆ, ನನ್ನದೇ ಭಾಷೆಯಲ್ಲಿ, ನಿನ್ನ ಭಾಷೆ ನುಂಗು ಎಂದೆ. ಅವಳು ಸೆರಗನ್ನು ಉಂಡಿ ಮಾಡಿ ಬಾಯಲ್ಲಿ ತುರುಕಿಕೊಂಡಳು. ರಸ್ತೆ ತಡೆದ ಇವರು ನನ್ನಿಂದ ಇಂಥ ಮಾತು ಆಡಿಸಿದರಲ್ಲ ಎಂದು ಮೈಯೆಲ್ಲ ಉರಿಯಿತು.

ಆಂಬುಲೆನ್ಸ್ ಕಂಡು ಜನ ಸರಿದರು. ಲಾರಿಗಳೂ ಪಕ್ಕಕ್ಕೆ ಹೋದವು. ಬಿಳಿ ಅಂಗಿಯ ಮುಖಂಡನೊಬ್ಬ ಮುಂದೆ ಬಂದು ಕೈಬೀಸಿ ದಾರಿ ಬಿಡಿಸಿ, ನಮ್ಮತ್ತ ಕೈ ಮುಗಿದ. ರಫೀಕ್‌ಭಾಯಿ ಗಾಡಿ ಮುಂದೆ ತಂದ. ಸದ್ಯ ಬಚಾವಾದೆವು ಅಂದುಕೊಳ್ಳುವಷ್ಟರಲ್ಲಿ ಒಬ್ಬ ಬಾನೆಟ್ ತಟ್ಟಿ ನಿಲ್ಲಿಸಿದ. ಕೈಯಲ್ಲಿ ಮೊಬೈಲು. ಮೊಬೈಲಿಗೆ ಎದುರು ಬಿಸಿಲು ಬಿದ್ದು ಸಾಹೇಬರ ಮುಖ ಕಪ್ಪು ಬಂದಿದೆ, ಗಾಡಿ ಹಿಂದೆ ತೆಗೆದುಕೊಂಡು ಇನ್ನೊಮ್ಮೆ ಬನ್ನಿ ಎಂದ.

ಕಿವಿ ತಪ್ಪಿ ಕೇಳಿದೆನೇ ಎಂದು ಕೆಳಗಿಳಿದೆ. ರೋಗಿಯ ಬಿ.ಪಿ. ಬೀಳುತ್ತಿದೆ, ಬಿಡಿ ಎಂದು ಮರಾಠಿಯಲ್ಲಿ ಕೈಮುಗಿದು ಕೇಳಿದೆ. ಮುಖಂಡ ನಕ್ಕ. "ತಾಈ, ಏಕಚ್ ಮಿನಿಟ್. ಲೋಕಾಂನಾ ಮಾಣುಸ್ಕಿ ದಿಸಾಯ್ಲಾ ಪಾಹಿಜೇ." ಒಂದೇ ನಿಮಿಷ ಅಕ್ಕ, ಜನರಿಗೆ ಮನುಷ್ಯತ್ವ ಕಾಣಬೇಕಲ್ಲ ಎಂದು. ಅವನ ಮೈಯ ಅತ್ತರಿನ ವಾಸನೆಗೆ ನನಗೆ ಓಕರಿಕೆ ಬಂತು. ಹಿಂದಿನಿಂದ ಮತ್ತೆ ಜನ ಸೇರಿ ದಾರಿ ಮುಚ್ಚಿದರು. ಚಿತ್ರಕ್ಕೆ ಮತ್ತೆ ಬಿಡಿಸಬೇಕಿತ್ತಲ್ಲ.

"ಜಾನೇ ದೋ ಸಿಸ್ಟರ್, ಬಹಸ್ ಮೇ ಟೈಮ್ ಜಾತಾ" ಎಂದ ರಫೀಕ್‌ಭಾಯಿ. ವಾದಕ್ಕೆ ನಿಂತರೆ ಹೊತ್ತು ಹೋಗುವುದೇ ನಿಜ. ನಾನು ಹತ್ತಿ ಕೂತೆ, ಗಾಡಿ ಹಿಂದಕ್ಕೆ ಹೋಯಿತು. ಸೈರನ್ ಹಾಕಿ ಎಂದರು, ಹಾಕಿದ. ನಾವು ಮತ್ತೆ ಬಂದೆವು, ಜನ ಮತ್ತೆ ಸರಿದರು, ಅವನು ಮತ್ತೆ ಕೈ ಮುಗಿದ. ಆಮೇಲೆ ಹಿಂದಿನ ಕಿಟಕಿಯಲ್ಲಿ ಇಣುಕಿ, ಯಾವ ಊರು ಎಂದು ನಾಗವ್ವನನ್ನೇ ಕೇಳಿದ. ಅವಳು ಸೆರಗು ಕಚ್ಚಿಕೊಂಡು ನನ್ನನ್ನು ನೋಡಿದಳು. "ವಾಗದರಿ" ಎಂದೆ ನಾನು. ಹಾವು ಕಡಿದದ್ದು ಅಲ್ಲಿಯೇ, ಸುಳ್ಳೇನಲ್ಲ. ಬಿಟ್ಟರು.

ರಾತ್ರಿ ಮನೆಗೆ ಬಂದು ಊಟಕ್ಕೆ ಕೂತಾಗ ಆ ವಿಡಿಯೋ ನನ್ನ ಫೋನಿಗೆ ಬಂತು. ಕಳಿಸಿದವನು ನನ್ನ ಸ್ವಂತ ಅಣ್ಣ, ನವಿ ಪೇಠದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಇನ್ನೂ ಮನುಷ್ಯತ್ವ ಉಳಿದಿದೆ ಎಂದು ಬರೆದು, ಕೈಮುಗಿದ ಚಿತ್ರಗಳನ್ನು ಹಾಕಿದ್ದ. ಒಳಗೆ ಇದ್ದವಳು ನಾನೇ ಕಣೋ ಮಾರಾಯ ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ, ತಾಟು ಸರಿಸಿ ಎದ್ದೆ. ಎರಡು ದಿನದ ಮೇಲೆ ಗಡಿಯಾಚೆಯಿಂದ ಇನ್ನೊಬ್ಬ ಮುಖಂಡನ ಫೋನು. ರೋಗಿ ಕನ್ನಡದವಳೆಂದು ಹೇಗೋ ತಿಳಿದಿತ್ತು. ಮರಾಠಿ ಡಾಕ್ಟರ್ ಬೇಕೆಂದೇ ಔಷಧ ತಡ ಮಾಡಿದ ಎಂದು ಮುದುಕಿಯಿಂದ ಹೇಳಿಸಿ ವಿಡಿಯೋ ಕಳಿಸಿರಿ, "ಅಳೂದು ಛಲೋ ಕಾಣಬೇಕ್ರಿ ಅಕ್ಕಾರ" ಎಂದ. ನಮ್ಮ ಮನೆಯ ಬೈಗುಳ ಯಾವ ಭಾಷೆಯಲ್ಲಿ ಎಂದು ಮೊದಲೇ ಹೇಳಿದ್ದೇನೆ. ಅವನಿಗೆ ಅದರ ಪೂರ್ಣ ಪರಿಚಯ ಮಾಡಿಸಿ ಫೋನ್ ಇಟ್ಟೆ.

ಈ ಕೇಸಿನಿಂದ ನಾನು ಕಲಿತ ಪಾಠ ಸಣ್ಣದು, ಕೆಲಸಕ್ಕೆ ಬರುವಂಥದ್ದು. ರೋಗಿ ಹೂಂ ಎಂದರೆ ತಿಳಿಯಿತು ಎಂದಲ್ಲ. ಈಗ ನಮ್ಮಲ್ಲಿ ಕಡಿತದ ಕೇಸು ಬಂದರೆ ಜಾಗ ಮುಟ್ಟಿ ಕೇಳುತ್ತೇವೆ, ಊಟಕ್ಕೆ ಮೊದಲೋ ಆಮೇಲೋ ಎಂದು ಹೊತ್ತು ಕೇಳುತ್ತೇವೆ. ಕೇದಾರ್ ದಿನಕ್ಕೆ ಒಂದೆರಡು ಕನ್ನಡ ಶಬ್ದ ಕಲಿಯುತ್ತಾನೆ, ಕೆಟ್ಟದಾಗಿ ಆಡುತ್ತಾನೆ, ರೋಗಿಗಳು ನಗುತ್ತಾರೆ. ಭಾಷೆಯ ಸೇವೆ ಎಂದರೆ ನನಗೆ ಅಷ್ಟೇ ಗೊತ್ತು.

ವಾರದ ರಜೆ ಸಿಕ್ಕಾಗ ಸೊಲ್ಲಾಪುರದ ಆ ಆಸ್ಪತ್ರೆಗೆ ಹೋದೆ. ಮಹಾದೇವಿಗೆ ಡಯಾಲಿಸಿಸ್ ಆಗಿತ್ತು, ಮೂತ್ರ ಮತ್ತೆ ಶುರುವಾಗಿತ್ತು, ಕಾಲಿನ ಬಾವು ಇಳಿದಿತ್ತು. ಬದುಕುತ್ತಾಳೆ ಎಂದು ಅಲ್ಲಿಯ ಸಿಸ್ಟರ್ ಹೇಳಿ, "ಆ ಮೂಕಿ ಆಜಿಗೆ ನೀವೇ ಹೇಗಾದರೂ ತಿಳಿಸಿ, ನಮ್ಮ ಸನ್ನೆ ಅವಳಿಗೆ ಅರ್ಥವಾಗುವುದಿಲ್ಲ" ಎಂದಳು.

ಮೂಕಿ ಯಾರು ಎಂದು ನೋಡಿದರೆ ನಾಗವ್ವ. ಆ ವಾರ್ಡಿನಲ್ಲಿ ಅರ್ಧಕ್ಕರ್ಧ ಜನ ಕನ್ನಡದಲ್ಲೇ ಹರಟುತ್ತಿದ್ದರು. ಪಕ್ಕದ ಮಂಚದವಳು ಕನ್ನಡದಲ್ಲೇ ಮಗನಿಗೆ ಬೈಯುತ್ತಿದ್ದಳು. ಅವರ ನಡುವೆ ಈಕೆ ಇಷ್ಟು ದಿನ ತುಟಿ ಹೊಲಿದುಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಕೈ ಹಿಡಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಕಿವಿಯ ಹತ್ತಿರ ಬಂದು, "ಬಾಯಾರ, ಈಗ ಮಾತಾಡ್ಲೇನ್ರಿ?" ಎಂದಳು.

ಮಾತಾಡ್ರಿ ಆಯಿ, ಬೇಕಾದಷ್ಟು ಮಾತಾಡ್ರಿ ಎಂದೆ.

ಅವಳು ಸೊಸೆಯ ವಿಚಾರ ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದು ಬೇರೆ. "ಅಂವಾ ಬಿಳಿ ಅಂಗಿಯಾಂವ ಎರಡ ಸಲ ಯಾಕ ಕೈ ಮುಗದ್ರಿ?"

"ಮೊದಲನೇ ಸಲಕ್ಕ ಫೋಟೋ ಸುದ್ದ ಬಂದಿರಲಿಲ್ಲ ಆಯಿ."

ನಾಗವ್ವ ಸೊಸೆಯ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು. "ಹಂಗಾರ ನನ್ನ ಸೊಸಿ ಅಲ್ಲೇ ಸತ್ತಿದ್ರ, ಅದನ್ನೂ ಎರಡ ಸಲ ಮಾಡು ಅಂತಿದ್ನೇನ್ರಿ?"