ಕಂಡಕ್ಟ್ರಮ್ಮನ ಕೂಗು

ನಿವೃತ್ತಿಯಾದ ದಿನ ಕಂಡಕ್ಟ್ರಮ್ಮ ಚರ್ಮದ ಚೀಲ, ಟಿಕೆಟ್ ಯಂತ್ರ, ಎದೆಯ ಮೇಲಿನ ಬಿಲ್ಲೆ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದಳು. ಗಂಟಲನ್ನು ಒಪ್ಪಿಸಿ ಹೋಗು ಎಂದು ಯಾರೂ ಹೇಳಲಿಲ್ಲ. ಅದು ಅವಳ ಜೊತೆಗೇ ಮನೆಗೆ ಬಂತು.

ಹಿಂಬಾಗಿಲಲ್ಲಿ ನಿಂತು ಕೂಗಿದರೆ ಮುಂಬಾಗಿಲಿಗೆ ಕೇಳಿಸಬೇಕು, ಎಂಜಿನ್ನಿನ ಗದ್ದಲದ ಮೇಲೆ ಕೇಳಿಸಬೇಕು, ನಿಜವಾಗಿ ಕಿವುಡಾದವರಿಗೂ ಟಿಕೆಟ್ ಕೇಳುವಾಗ ಮಾತ್ರ ಕಿವುಡಾಗುವವರಿಗೂ ಕೇಳಿಸಬೇಕು. ಹಾಗೆ ಪಳಗಿದ ಗಂಟಲು ಅದು. ಅಡುಗೆಮನೆಯಲ್ಲಿ ನಿಂತು ‘ಉಪ್ಪು ಎಲ್ಲಿಟ್ಟೆ’ ಎಂದು ಅವಳು ತನ್ನನ್ನೇ ಕೇಳಿಕೊಂಡರೆ, ‘ಮೇಲಿನ ಗೂಡಲ್ಲಿ ನೋಡಿ’ ಎಂದು ಎದುರುಮನೆಯವರು ಉತ್ತರ ಕೊಡುತ್ತಿದ್ದರು. ಬೇರೆ ಊರಲ್ಲಿದ್ದ ಮಗಳು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದೇ ತಾಯಿಯ ಜೊತೆ ಮಾತಾಡುತ್ತಿದ್ದಳು. ಆದರೂ ಒಂದು ಮಾತೂ ತಪ್ಪಿಹೋಗುತ್ತಿರಲಿಲ್ಲ.

ಅವಳ ಬಸ್ಸನ್ನು ಓಡಿಸುತ್ತಿದ್ದ ಡ್ರೈವರ್ ಅದೇ ಓಣಿಯಲ್ಲಿ, ಅದೇ ಸಾಲಿನಲ್ಲಿ, ಗೋಡೆಯಾಚೆಯ ಮನೆಯಲ್ಲಿದ್ದ. ಇಬ್ಬರೂ ಅರ್ಧ ಆಯುಷ್ಯ ಒಂದೇ ಬಸ್ಸಿನಲ್ಲಿ ಕಳೆದವರು. ಆದರೆ ಅವನು ಯಾವಾಗಲೂ ರಸ್ತೆಯನ್ನು ನೋಡುತ್ತಿದ್ದುದರಿಂದ, ಅವಳು ಯಾವಾಗಲೂ ಜನರನ್ನು ನೋಡುತ್ತಿದ್ದುದರಿಂದ, ಒಬ್ಬರ ಮುಖ ಒಬ್ಬರು ಸರಿಯಾಗಿ ಕಂಡದ್ದು ನಿವೃತ್ತಿಯ ನಂತರವೇ. ಅವರ ನಡುವಿನ ಮಾತೆಲ್ಲ ಸೀಟಿಯಲ್ಲೇ ಮುಗಿಯುತ್ತಿತ್ತು. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಎಷ್ಟೋ ಗಂಡಹೆಂಡಿರ ನಡುವೆ ಇಷ್ಟು ಒಪ್ಪಂದವೂ ಇರುವುದಿಲ್ಲ.

ಆ ವರ್ಷ ಎಣ್ಣೆ ಏರಿತು, ಬೇಳೆ ಏರಿತು, ಬಾಡಿಗೆ ಏರಿತು. ಸಂಬಳಗಳು ಮಾತ್ರ ಕೆಟ್ಟುನಿಂತ ಬಸ್ಸಿನಂತೆ ನಿಂತಲ್ಲೇ ನಿಂತವು. ಓಣಿಯ ತುದಿಯಲ್ಲಿ ಮುಚ್ಚಿಹೋಗಿದ್ದ ಬೇಕರಿಯೊಂದಿತ್ತು. ಅದರ ಒಡೆಯ ಬೀಗದ ಕೈ ಕೊಟ್ಟ. ಕೈಯಲ್ಲಿ ಸ್ವಲ್ಪ ಮಿಗುವವರು ಮಿಕ್ಕಿದ್ದನ್ನು ತಂದು ಸುರಿದರು. ಅಕ್ಕಿ, ಬೇಳೆ, ಎಣ್ಣೆ, ಸಾಬೂನು, ಮಕ್ಕಳ ಬೂಟು ಸೇರಿದವು. ಕೊರತೆ ಬಿದ್ದವರು ಒಯ್ಯಲಿ ಎಂಬುದು ಏರ್ಪಾಡು. ತೂಗಿ ತುಂಬುವ ಕೆಲಸ ಓಣಿಯ ದರ್ಜಿಯಮ್ಮನದು. ಜನರನ್ನು ಸಂಭಾಳಿಸುವ ಕೆಲಸ ಕಂಡಕ್ಟ್ರಮ್ಮನಲ್ಲದೆ ಇನ್ನಾರದು? ಅವಳು ಸಂಭಾಳಿಸಿದಳು.

“ನುಗ್ಗಬೇಡಿ, ನುಗ್ಗಬೇಡಿ! ಎಣ್ಣೆ ಬೇಕಾದವರು ಈ ಕಡೆ! ಯಾರದು, ಮೂಲೆಮನೆ ಅಕ್ಕನಾ? ಬನ್ನಿ, ನಿಮಗೆ ಅಕ್ಕಿನೂ ಇಲ್ಲ ಅಲ್ವಾ?”

ಮೂಲೆಮನೆಯ ಅಕ್ಕ ಅಂದು ಅಕ್ಕಿ ಒಯ್ದಳು. ಮತ್ತೆ ಬರಲಿಲ್ಲ.

ಇದು ಕಂಡಕ್ಟ್ರಮ್ಮನ ತಲೆಗೆ ಹೋಗಲಿಲ್ಲ. ಅವಳ ಗಮನವೆಲ್ಲ ಬೇರೊಂದು ಕಡೆಗಿತ್ತು. ಗೋಡೆಯಾಚೆಯ ಕುಕ್ಕರ್ ಕೂಗುತ್ತಿರಲಿಲ್ಲ.

ಬದುಕಿಡೀ ಸೀಟಿಗೆ ಕಿವಿಗೊಟ್ಟವಳು ಆಕೆ. ಡ್ರೈವರನ ಮನೆಯ ಕುಕ್ಕರ್ ಮಧ್ಯಾಹ್ನಕ್ಕೆ ಮುಂಚೆ ಕೂಗುವುದು ಅವಳಿಗೆ ಗಡಿಯಾರವಿದ್ದಂತೆ. ಮೊದಲು ಕೂಗುಗಳು ಕಡಿಮೆಯಾದವು, ಆಮೇಲೆ ದಿನ ಬಿಟ್ಟು ದಿನಕ್ಕೆ ಬಂದವು, ಈಗ ಸದ್ದೇ ಇಲ್ಲ. ಡ್ರೈವರ್ ಹೊಸ್ತಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ ಕೇಳಿಯೇಬಿಟ್ಟಳು.

“ಏನ್ ಡ್ರೈವರಣ್ಣ, ಕುಕ್ಕರ್ ಕೆಟ್ಟಿದ್ಯಾ?”

“ಕೆಟ್ಟಿಲ್ಲ. ಬೇಯಿಸಿದ್ದು ತಿನ್ನಬೇಡಿ ಅಂದಿದ್ದಾರೆ ಡಾಕ್ಟ್ರು. ಹಸೀದು ಒಳ್ಳೇದಂತೆ.”

“ಅಕ್ಕಿನೂ ಹಸೀದೇನಾ?”

“ಕಂಡಕ್ಟ್ರಮ್ಮ, ನಿಮ್ಮ ಕೆಲಸ ಹಿಂದ್ಗಡೆ, ನಂದು ಮುಂದ್ಗಡೆ. ನಾನು ಯಾವತ್ತಾದ್ರೂ ತಿರುಗಿ ನೋಡಿ ಲೆಕ್ಕ ಕೇಳಿದ್ದೀನಾ?”

ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರೊಳಗಿನ ಕಾಲು ಮಾತ್ರ ಕಡ್ಡಿಯಾಗಿತ್ತು.

ನಿಜವನ್ನು ಹೇಳಿದವಳು ಡ್ರೈವರನ ಹೆಂಡತಿ. ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಿಲ ಗೋಡೆಗೆ ಒರಗಿ ಹೇಳಿದಳು. ಅವಳ ಮಾತ್ರೆಗಳಿಗೇ ಪಿಂಚಣಿ ಸರಿಹೋಗುತ್ತಿತ್ತು. ಒಬ್ಬರಿಗಾಗುವ ಗಂಜಿಯನ್ನು ಡ್ರೈವರ್ ಪಾತ್ರೆಯಲ್ಲಿ ಕಾಯಿಸಿ ಅವಳಿಗೆ ಕುಡಿಸುತ್ತಿದ್ದ. ತಾನು ‘ಹೊರಗೆ ತಿಂದೆ’ ಎನ್ನುತ್ತಿದ್ದ.

“ಬೇಕರಿಗೆ ಹೋಗಿ ಅಂತ ಕಾಲು ಹಿಡಿಯೋದೊಂದು ಬಾಕಿ, ಅಕ್ಕ. ಪುಕ್ಕಟೆ ಹತ್ತೋನಲ್ಲ ನಾನು ಅಂತಾರೆ. ನಾನು ಮಾತ್ರೆ ನುಂಗಲ್ಲ ಅಂತ ಹಟ ಹಿಡಿದಿದ್ದೀನಿ. ನೋಡೋಣ, ಯಾರು ಸೋಲ್ತಾರೋ.”

ಅವನ ಹಟ ಕಂಡಕ್ಟ್ರಮ್ಮನಿಗೆ ಗೊತ್ತಿದ್ದದ್ದೇ. ಟಿಕೆಟ್ ಕೊಳ್ಳದೆ ಮೀಸೆ ತಿರುವುತ್ತಿದ್ದ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಇಳಿಯುವವರೆಗೆ ನಡುರಸ್ತೆಯಲ್ಲಿ ಎಂಜಿನ್ ಆರಿಸಿ, ಸ್ಟಿಯರಿಂಗಿಗೆ ತಲೆಯಿಟ್ಟು ನಿದ್ದೆ ಮಾಡಿದವನು ಅವನು.

ಕೊನೆಗೆ ಸೋತವನು ಅವನೇ. ಒಂದು ಬೆಳಿಗ್ಗೆ ಪಾಲಿಶ್ ಹಾಕಿದ ಬೂಟು ತೊಟ್ಟು, ಚೀಲವನ್ನು ನಾಲ್ಕಾಗಿ ಮಡಿಚಿ ಕಂಕುಳಲ್ಲಿ ಅಡಗಿಸಿಕೊಂಡು, ಬೇಕರಿಯ ಬಾಗಿಲಿಗೆ ಬಂದು ಗೋಡೆಯ ಬಣ್ಣವನ್ನು ಪರೀಕ್ಷಿಸುವವನಂತೆ ನಿಂತ. ಒಳಗೆ ಜನ ಸಾಲಾಗಿ ನಿಂತಿದ್ದರು. ಕಂಡಕ್ಟ್ರಮ್ಮ ಅವನನ್ನು ಕಂಡಳು. ಸಂತೋಷವಾಯಿತು. ಅವಳ ಸಂತೋಷಕ್ಕೂ ಹೊರಬರಲು ಇದ್ದದ್ದು ಅದೊಂದೇ ಗಂಟಲು.

“ಬನ್ನಿ ಡ್ರೈವರಣ್ಣ, ಬನ್ನಿ! ದಾರಿ ಬಿಡ್ರಪ್ಪಾ! ದರ್ಜಿಯಮ್ಮಾ, ನಮ್ಮ ಡ್ರೈವರಿಗೆ ಅಕ್ಕಿ!”

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಡ್ರೈವರ್ ತನ್ನ ಬೂಟನ್ನು ನೋಡಿಕೊಂಡ, ಹೊರಳಿದ, ಹೊರಟುಹೋದ. ಅವನು ರಿವರ್ಸ್ ಹೋದದ್ದನ್ನು ಆಕೆ ಕಂಡದ್ದೇ ಅಪರೂಪ.

ದರ್ಜಿಯಮ್ಮ ಅಳತೆಯ ಡಬ್ಬಿಯನ್ನು ಕುಕ್ಕಿದಳು. “ನಿಮ್ಮ ಬಾಯಿಗೊಂದು ಗುಂಡಿ ಹೊಲಿದು ಕೊಡ್ಲಾ? ಹೋದ ತಿಂಗಳು ಈ ಸಾಲು ಬೀದಿ ತನಕ ಇತ್ತು. ಈಗ ನೋಡಿ. ಮೂಲೆಮನೆಯವಳು ಬಿಟ್ಟಳು, ಹಿಂದಿನ ಬೀದಿಯವರು ಬಿಟ್ಟರು. ನಿಮ್ಮ ಕೂಗಿಗೆ ಹೆದರಿ ಜನ ಹಸಿವೇ ವಾಸಿ ಅಂತಿದ್ದಾರೆ.”

“ನಾನು ಬೈಯಲಿಲ್ವಲ್ಲ!”

“ಅದನ್ನೂ ಕೂಗಿ ಹೇಳ್ತಿದ್ದೀರಿ.”

ಆ ಮಾತು ನಾಟಿತು. ಕಂಡಕ್ಟ್ರಮ್ಮ ಪಿಸುಗುಟ್ಟುವುದನ್ನು ಅಭ್ಯಾಸ ಮಾಡಲು ಕೂತಳು. ಕನ್ನಡಿಯ ಮುಂದೆ ‘ಎಣ್ಣೆ ಬೇಕಾ’ ಎಂದು ತನ್ನ ಮಟ್ಟಿಗೆ ಪಿಸುಗುಟ್ಟಿದಾಗ, ‘ಬೇಡ’ ಎಂದು ಎದುರುಮನೆಯಿಂದ ಉತ್ತರ ಬಂತು. ಈ ದಾರಿ ಊರು ಸೇರುವುದಲ್ಲ ಎಂದು ಖಾತ್ರಿಯಾಯಿತು. ಗುಂಡಿಯ ಮಾತೇ ಸರಿ ಎನಿಸಿತು. ಪೆಟ್ಟಿಗೆ ಕೆದಕಿದಳು. ಡಿಪೋಗೆ ಒಪ್ಪಿಸದ ಇನ್ನೊಂದು ವಸ್ತು ಅದರ ತಳದಲ್ಲಿತ್ತು: ಹಿತ್ತಾಳೆಯ ಸೀಟಿ. ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಸೀಟಿ ಬಾಯಲ್ಲಿರುವಷ್ಟು ಹೊತ್ತು ಎಂಥ ಗಂಟಲಿನಿಂದಲೂ ಮಾತು ಹೊರಡುವುದಿಲ್ಲ.

ಮರುದಿನ ಬೇಕರಿಯ ಬೆಂಚುಗಳನ್ನೆಲ್ಲ ಅವಳು ಒಂದರ ಹಿಂದೊಂದು ಹಾಕಿಸಿದಳು, ಎಲ್ಲವೂ ಒಂದೇ ದಿಕ್ಕಿಗೆ. ಬೀದಿಯ ಬಾಗಿಲಿನಿಂದ ಹತ್ತುವುದು, ಓಣಿಯ ಬಾಗಿಲಿನಿಂದ ಇಳಿಯುವುದು. ಕೂತವರಿಗೆ ಕಾಣುವುದು ಮುಂದಿನವರ ಬೆನ್ನು, ಅಷ್ಟೆ. ಬಸ್ಸಿನಲ್ಲಿ ಯಾರೂ ಯಾರನ್ನೂ ಏಕೆ ಹೊರಟಿರಿ ಎಂದು ಕೇಳುವುದಿಲ್ಲ. ಅವಳು ಸೀಟಿ ಕಚ್ಚಿಕೊಂಡು ಬೆಂಚಿನಿಂದ ಬೆಂಚಿಗೆ ಬಗ್ಗುತ್ತಾಳೆ. ಜನ ಕಿವಿಯಲ್ಲಿ ಹೇಳುತ್ತಾರೆ. ಅವಳು ಚೀಲ ಒಯ್ದು ತುಂಬಿಸಿ ತಂದು ಮಡಿಲಲ್ಲಿಡುತ್ತಾಳೆ. ಮೂಲೆಮನೆಯ ಅಕ್ಕ ಮತ್ತೆ ಬಂದಳು. ಇನ್ನೂ ಕೆಲವರು ಬಂದರು. ಯಾರು ಯಾರೆಂದು ಹೇಳುವುದು ಕಷ್ಟ. ಬೆನ್ನುಗಳು ಒಂದೇ ತರಹ ಇರುತ್ತವೆ.

ಎಲ್ಲಕ್ಕಿಂತ ಮುಂದೆ, ಬಲಗಡೆಗೆ, ಒಂಟಿ ಕುರ್ಚಿಯೊಂದನ್ನು ಹಾಕಿಸಿದ್ದಳು. ಯಾರನ್ನೂ ಅದರಲ್ಲಿ ಕೂರಲು ಬಿಡಲಿಲ್ಲ.

“ಇದ್ಯಾರಿಗೆ?” ಎಂದಳು ದರ್ಜಿಯಮ್ಮ.

ಕಂಡಕ್ಟ್ರಮ್ಮ ಸೀಟಿ ತೆಗೆದಳು. “ಡ್ರೈವರ್ ಇಲ್ಲದೆ ಬಸ್ಸು ಹೊರಡುತ್ತಾ?” ಎಂದು ಮತ್ತೆ ಕಚ್ಚಿಕೊಂಡಳು.

ಬೆಂಚು ತುಂಬಿದಾಗಲೆಲ್ಲ ಅವಳು ಓಣಿಯ ಬಾಗಿಲಿಗೆ ಹೋಗಿ ಎರಡು ಸೀಟಿ ಹೊಡೆಯುತ್ತಿದ್ದಳು. ಡ್ರೈವರನ ಹೊಸ್ತಿಲು ಅಲ್ಲಿಂದ ಕೂಗಳತೆಯಲ್ಲಿತ್ತು. ಮೊದಲ ಸಲ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಅವನು ಒಳಗೆದ್ದು ಹೋದ. ಆದರೆ ಸೀಟಿ ನಿಲ್ಲಲಿಲ್ಲ. ಎರಡು, ಮತ್ತೆ ಎರಡು. ಹೊರಟದ್ದು ಏನೂ ಇಲ್ಲ. ಅಂಥ ಅಶಿಸ್ತನ್ನು ಎಷ್ಟು ದಿನ ಸಹಿಸಲಾಗುತ್ತದೆ? ಒಂದು ಬೆಳಿಗ್ಗೆ ಅವನು ಬೂಟು ಕುಟ್ಟುತ್ತ ಓಣಿಯ ಬಾಗಿಲಿಗೇ ಬಂದ.

“ಏನ್ರೀ ಇದು? ಎರಡು ಹೊಡೆದ ಮೇಲೆ ಹೊರಡಬೇಕು ಅಂತ ಜ್ಞಾನ ಇಲ್ವಾ? ಹೊರಡದ ಬಸ್ಸಿಗೆ ಯಾರಾದ್ರೂ ರೈಟ್ ಕೊಡ್ತಾರಾ?”

ಕಂಡಕ್ಟ್ರಮ್ಮ ಸೀಟಿ ಕಚ್ಚಿಕೊಂಡೇ ಕುರ್ಚಿಯತ್ತ ಕೈ ತೋರಿಸಿದಳು.

ಅವನು ಕುರ್ಚಿಯನ್ನು ನೋಡಿದ, ಬೆಂಚುಗಳನ್ನು ನೋಡಿದ. “ಇದನ್ನು ಇಷ್ಟು ಹಿಂದೆ ಇಟ್ಟರೆ ಕ್ಲಚ್ಚಿಗೆ ಕಾಲು ಎಟುಕುತ್ತಾ? ನೀವು ಇಷ್ಟು ವರ್ಷ ನೋಡಿದ್ದೇನು?” ಎಂದು ಗೊಣಗುತ್ತ ಕುರ್ಚಿಯನ್ನು ಮುಂದಕ್ಕೆ ಎಳೆದು, ಎಲ್ಲರಿಗೂ ಬೆನ್ನುಹಾಕಿ ಕೂತ. ಕಂಕುಳಲ್ಲಿ ನಾಲ್ಕಾಗಿ ಮಡಿಚಿದ ಚೀಲವಿತ್ತು. ಬೈಯಲು ಬಂದವನು ಚೀಲ ಏಕೆ ತಂದ ಎಂದು ಕೇಳಬಹುದಿತ್ತು. ಸೀಟಿ ಬಾಯಲ್ಲಿತ್ತು. ಅವಳು ಚೀಲವನ್ನು ಸುಮ್ಮನೆ ಎಳೆದುಕೊಂಡಳು, ತುಂಬಿಸಿ ತಂದಳು, ಹಿಂದೆ ಅವನ ಬುತ್ತಿ ಇರುತ್ತಿದ್ದ ಜಾಗದಲ್ಲಿ, ಎಡಗಾಲಿನ ಪಕ್ಕ ಇಟ್ಟಳು. ಅವನು ಎದುರುಗೋಡೆಯ ಮೇಲಿನ ಕಣ್ಣು ಕದಲಿಸಲಿಲ್ಲ.

“ನಿಧಾನ ಡ್ರೈವರ್ ಸಾಹೇಬ್ರೇ, ಮುಂದೆ ಗುಂಡಿ ಇದೆ!” ಎಂದಿತು ಹಿಂದಿನ ಬೆಂಚು.

“ಟಿಕೆಟ್ ತಗೊಂಡು ಕೂತ್ಕೋ. ಡ್ರೈವರ್ ಜೊತೆ ಮಾತಾಡಬಾರದು.”

ಬೆಂಚುಗಳು ನಕ್ಕವು. ಕಂಡಕ್ಟ್ರಮ್ಮ ಎರಡು ಸೀಟಿ ಹೊಡೆದಳು, ಅಷ್ಟಕ್ಕೆ ತಡೆಯಲಾರದೆ ಸೀಟಿ ಕಿತ್ತು “ರೈಟ್!” ಎಂದು ಅರಚಿದ ರಭಸಕ್ಕೆ ದರ್ಜಿಯಮ್ಮನ ಕೈಯಿಂದ ಬೇಳೆ ಚೆಲ್ಲಿತು.

ಅಂದು ಮಧ್ಯಾಹ್ನಕ್ಕೆ ಮುಂಚೆ ಗೋಡೆಯಾಚೆ ಕುಕ್ಕರ್ ಕೂಗಿತು. ಕಂಡಕ್ಟ್ರಮ್ಮ ಸೌಟು ಹಿಡಿದು ನಿಂತಳು. ಎರಡನೆಯದೂ ಕೂಗಿತು. ಸರಿ, ಹೊರಟಿತು ಎಂದುಕೊಂಡಳು. ಆದರೆ ಅದು ಮೂರು ಕೂಗಿತು, ನಾಲ್ಕು ಕೂಗಿತು, ಐದು ಕೂಗಿತು. ಆಮೇಲೆ ಡ್ರೈವರನ ಕಿಟಕಿ ಧಡಾರನೆ ತೆರೆಯಿತು.

“ಕಂಡಕ್ಟ್ರಮ್ಮಾ! ಇದ್ಯಾವ ಕಾಲದ ಬೇಳೆ ಕೊಟ್ಟಿದ್ದೀರಿ? ಎಷ್ಟು ಕೂಗಿಸಿದ್ರೂ ಕಲ್ಲಿನ ಹಾಗೇ ಇದೆ!”

ಕಂಡಕ್ಟ್ರಮ್ಮ ಗಾಬರಿಯಿಂದ ಕಿಟಕಿಗೆ ಓಡಿ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಡ್ರೈವರಣ್ಣ, ಓಣಿಗೆಲ್ಲ ಕೇಳುತ್ತೆ.”

“ಕೇಳಲಿ ಬಿಡ್ರೀ! ಬೇಳೆ ಬೇಯದಿದ್ರೆ ಬಾಯಿ ಮುಚ್ಕೊಂಡಿರ್ಬೇಕಾ?”

ಆಮೇಲೆ ಮೂಲೆಮನೆಯ ಕಿಟಕಿ ತೆರೆಯಿತು. “ರಾತ್ರಿನೇ ನೆನೆಹಾಕ್ಬೇಕು ಅಣ್ಣ ಅದನ್ನ. ನಂದೂ ಮೊದಲು ಹಂಗೇ ಆಯ್ತು.”

“ಸ್ವಲ್ಪ ಎಣ್ಣೆ ಬಿಡಿ, ಬೇಯುತ್ತೆ,” ಎಂದಿತು ಇನ್ನೊಂದು ಕಿಟಕಿ.

“ಎಣ್ಣೆನೂ ಬಿಟ್ಟೆ, ಏನೂ ಆಗ್ಲಿಲ್ಲ,” ಎಂದರು, ಬೇಕರಿಯ ಮುಖವನ್ನೇ ನೋಡಿಲ್ಲವೆಂದು ಇಡೀ ಓಣಿ ತಿಳಿದಿದ್ದ ಎದುರುಮನೆಯವರು.