ಬಾಲದಿಂದ ಶುರು

ಆ ಚಳಿಗಾಲವಿಡೀ ಆರ್ಲಿಸ್ ಬ್ರೆಕಿಗೆ ಬೆಳಿಗ್ಗೆ ಎಚ್ಚರವಾಗುತ್ತಿದ್ದದ್ದು ಗಂಡ ಗಾರ್ಡಿ ಮಂಜು ಕೆರೆಯುವ ಸದ್ದಿಗೆ. ವಿಸ್ಕಾನ್ಸಿನ್ನಿನ ಜನವರಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಟ್ರಕ್ಕಿನ ಗಾಜಿನ ಮೇಲೆ ಮಂಜು ಕಲ್ಲಿನಂತೆ ಕಟ್ಟಿರುತ್ತದೆ. ಇಷ್ಟು ವರ್ಷ ಗ್ಯಾರೇಜಿನೊಳಗೆ ಬೆಚ್ಚಗಿದ್ದ ಟ್ರಕ್ಕು ಈಗ ಬೀದಿಪಾಲಾಗಿತ್ತು. ಅದರ ಜಾಗದಲ್ಲಿ ಒಂದು ವಿಮಾನದ ಬಾಲವಿತ್ತು. ವಿಮಾನ ಇನ್ನೂ ಇರಲಿಲ್ಲ.

ಗಾರ್ಡಿ ಬೈಯುತ್ತಿರಲಿಲ್ಲ. ಬೈದಿದ್ದರೆ ಅವಳೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದಳು. ಅವನು ಒಳಗೆ ಬಂದು ಕೆಂಪಾದ ಕೈಗಳನ್ನು ಉಜ್ಜಿಕೊಳ್ಳುತ್ತಾ, "ಏನು ಕ್ಯಾಪ್ಟನ್, ಇವತ್ತಾದ್ರೂ ಹಾರ್ತೀವಾ?" ಎಂದು ನಕ್ಕು ತಿಂಡಿಗೆ ಕೂರುತ್ತಿದ್ದ. ಆರ್ಲಿಸ್ ಅವನ ತಟ್ಟೆಗೆ ಇನ್ನೊಂದು ತುಂಡು ಬೇಕನ್ ಹಾಕುತ್ತಿದ್ದಳು. ಅದು ತಪ್ಪುಕಾಣಿಕೆ.

ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬೇಯಿಸಿ ಹಾಕಿ ನಿವೃತ್ತಳಾದವಳು ಆರ್ಲಿಸ್. ಬೇಸಿಗೆಯಲ್ಲಿ ವಿಮಾನ ಕ್ಲಬ್ಬಿನವರ ಪ್ಯಾನ್‌ಕೇಕ್ ಕೂಟಕ್ಕೂ ಅವಳದೇ ಕೈ. ಅಕ್ಕಪಕ್ಕದ ಊರುಗಳಿಂದ ಗಂಡಸರು ತಾವೇ ಕಟ್ಟಿದ ವಿಮಾನಗಳಲ್ಲಿ ಬಂದಿಳಿಯುತ್ತಿದ್ದರು. ಹೆಂಗಸರು ಹೆಂಚಿನ ಮುಂದೆ ನಿಲ್ಲುತ್ತಿದ್ದರು. ಆ ಹೆಂಚುಗಳನ್ನು ಇಟ್ಟಿದ್ದ ರೀತಿಗೆ ವಿಮಾನ ಏರುವುದು, ಇಳಿಯುವುದು ಎಲ್ಲವೂ ಬೆನ್ನ ಹಿಂದೆಯೇ ಆಗುತ್ತಿತ್ತು. ಕಳೆದ ಬೇಸಿಗೆ ಹಿಟ್ಟು ಬೇಗ ಮುಗಿದು ಕೈ ಖಾಲಿಯಾದಾಗ ಯಾರೋ, "ಬಾ ಆರ್ಲಿಸ್, ಒಂದು ಸುತ್ತು ಹಾಕ್ಸಿ ತರ್ತೀನಿ" ಎಂದರು. ಅವಳು ಏಪ್ರನ್ನಿನಲ್ಲೇ ಹತ್ತಿದಳು. ಜೀವಮಾನವಿಡೀ ಗುಡಿಸಿ ಒರೆಸಿದ ಮನೆ ಮೇಲಿನಿಂದ ಬೆಂಕಿಪೊಟ್ಟಣದಷ್ಟಿತ್ತು. ಆ ಎತ್ತರಕ್ಕೆ ಯಾರ ಕೂಗೂ ಮುಟ್ಟುವಂತಿರಲಿಲ್ಲ.

ಇಳಿದ ಮೇಲೆ ಅವಳೂ ಒಂದು ವಿಮಾನ ಕಟ್ಟಲು ಹೊರಟಳು. ಕಟ್ಟುವವರು ಮೊದಲು ಬಾಲದ ಬಿಡಿಭಾಗಗಳನ್ನಷ್ಟೇ ತರಿಸುತ್ತಾರೆ. ನಡುವೆ ಮನಸ್ಸು ಮುರಿದರೆ ಹೋಗುವುದು ಬಾಲದ ದುಡ್ಡು ಮಾತ್ರ. ಆ ಊರಿನ ಎಷ್ಟೋ ಗ್ಯಾರೇಜುಗಳ ಜಂತೆಗೆ ಹೀಗೆ ಒಂಟಿ ಬಾಲಗಳು ನೇತಾಡುತ್ತವೆ, ಯಾರೂ ನಗುವುದಿಲ್ಲ. ಆದರೆ ಆ ಬಾಲಗಳೆಲ್ಲ ಗಂಡಸರವು. ತನ್ನದೂ ಹಾಗೆ ನೇತಾಡಿದರೆ ಅದರ ಕೆಳಗೆ ಟ್ರಕ್ಕು ನಿಲ್ಲಿಸುವಾಗಲೆಲ್ಲ ಗಾರ್ಡಿ ಒಮ್ಮೆ ಮೇಲೆ ನೋಡುತ್ತಾನೆ. ಆರ್ಲಿಸ್‌ಗೆ ಅದು ಈಗಲೇ ಕಣ್ಣಿಗೆ ಕಟ್ಟಿತ್ತು.

ಅಲ್ಯೂಮಿನಿಯಂ ತಗಡನ್ನು ಒಳಗಿನ ಪಟ್ಟಿಗಳಿಗೆ ರಿವೆಟ್ ಎಂಬ ಮೊಂಡು ಮೊಳೆ ಹೊಡೆದು ಕೂಡಿಸಬೇಕು. ಈ ಕೆಲಸ ಒಬ್ಬರಿಂದಾಗದು. ಒಬ್ಬರು ಹೊರಗಿನಿಂದ ರಿವೆಟ್ ಗನ್ನಿನಲ್ಲಿ ಬಡಿಯುವಾಗ, ಇನ್ನೊಬ್ಬರು ಒಳಗೆ ಕೈತೂರಿಸಿ ರಿವೆಟ್ಟಿನ ಹಿಂದೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಒಳಗಿನ ಕೈ ಕಾಣುವುದಿಲ್ಲ. ಆ ಊರಿನ ವಿಮಾನಗಳ ಒಳಗಿನ ಕೈಗಳೆಲ್ಲ ಹೆಂಡತಿಯರವು. ಗೆಳತಿ ಡೋಲರೆಸ್ ತೀರಿಹೋದ ಗಂಡನಿಗಾಗಿ ಮೂರು ವಿಮಾನಗಳಿಗೆ ಗಟ್ಟಿ ಹಿಡಿದವಳು. ಆರ್ಲಿಸ್‌ಗೂ ಅವಳೇ ಹಿಡಿಯುತ್ತಿದ್ದಳು.

"ಗಾರ್ಡಿ ಪಾಪ ಚಳೀಲಿ ಒದ್ದಾಡ್ತಾನೆ ಕಣೇ," ಎಂದು ಆರ್ಲಿಸ್ ಒಮ್ಮೆ ಪೇಚಾಡಿದಾಗ ಡೋಲರೆಸ್ ಕಣ್ಣರಳಿಸಿದಳು. "ನಮ್ಮನೆಯವರು ನನ್ನ ಊಟದ ಮೇಜಿನ ಮೇಲೆ ಎರಡು ವರ್ಷ ರೆಕ್ಕೆ ಮಲಗಿಸಿದ್ರು. ನಾನು ತಟ್ಟೆ ತೊಡೆ ಮೇಲಿಟ್ಕೊಂಡು ತಿಂದೆ. ಆ ಮಹಾರಾಯರಿಗೆ ಒಂದು ದಿನವಾದ್ರೂ ಪಾಪ ಅನ್ನಿಸಿತ್ತು ಅಂದ್ಕೊಂಡೆಯಾ?"

ಟ್ರಕ್ಕಿನ ಪಾಪವನ್ನು ಹೇಗೋ ಹೊರಬಹುದಿತ್ತು. ಮಗಳು ಮಾರಿಟ್‌ದು ಬೇರೆ. ಮಾರಿಟ್ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅವಳ ಮಗು ಹೇಜಲ್ ಈಗಷ್ಟೇ ಕೂರಲು ಕಲಿತಿತ್ತು. ಊರಲ್ಲಿದ್ದ ಒಂದೇ ಶಿಶುವಿಹಾರ ಮುಚ್ಚುವುದೆಂದಾದಾಗ ಮಾರಿಟ್ ಕೇಳಿದ್ದಳು: "ಉಳಿದ ದಿನ ಅತ್ತೆ ಇದ್ದಾರೆ, ಮಂಗಳವಾರ, ಗುರುವಾರ ನೀನು ನೋಡ್ಕೊಳ್ತೀಯ ಅಲ್ವಾ ಅಮ್ಮ?" ಅದೇ ದಿನಗಳಲ್ಲಿ ಡೋಲರೆಸ್ ಗಟ್ಟಿ ಹಿಡಿಯಲು ಬರುತ್ತಿದ್ದಳು. ಆರ್ಲಿಸ್‌ಳ ಬಾಯಿಂದ "ಆಗಲ್ಲ ಮಗಳೇ" ಎಂಬ ಮಾತು ಬಂತು. ಮಾರಿಟ್ ಕೆಲಸ ಬಿಡುವುದಾಗಿ ಡಾಕ್ಟರಿಗೆ ಬರುವ ಸೋಮವಾರ ಹೇಳುತ್ತಾಳೆಂದು ಆಮೇಲೆ ಅಳಿಯನಿಂದ ಗೊತ್ತಾಯಿತು.

ಅಂದಿನಿಂದ ಗನ್ ಹಿಡಿದಾಗಲೆಲ್ಲ ಆರ್ಲಿಸ್‌ಳ ಕೈ ಹಿಂಜರಿಯುತ್ತಿತ್ತು. ತನ್ನ ಬಾಲಕ್ಕೆ ಮಗಳ ರೆಕ್ಕೆ ಕಿತ್ತೆನೇ?

ಅಷ್ಟರಲ್ಲಿ ಡೋಲರೆಸ್ ಚರ್ಚಿನ ಮೆಟ್ಟಿಲ ಮಂಜಿನಲ್ಲಿ ಜಾರಿ ತೋಳು ಮುರಿದುಕೊಂಡಳು. ಆರ್ಲಿಸ್‌ಗೆ ಒಳಗೊಳಗೇ ಸಮಾಧಾನವಾಯಿತು, ಆಮೇಲೆ ಅದಕ್ಕೂ ನಾಚಿಕೆಯಾಯಿತು. ಬಾಲವನ್ನು ಜಂತೆಗೆ ಕಟ್ಟಿಬಿಡುತ್ತೇನೆ, ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಲು ಭಾನುವಾರ ಮಗಳನ್ನು ಊಟಕ್ಕೆ ಕರೆದಳು. ಅವಳಿಗೆ ಇಷ್ಟವೆಂದು ಆಲೂಗಡ್ಡೆ, ಮಾಂಸ ಕೂಡಿಸಿ ಓವನ್ನಿನಲ್ಲಿ ಬೇಯಿಸುವ ಹಾಟ್‌ಡಿಶ್ ಮಾಡಿದಳು.

ಊಟವಾಗಿ ಮಗು ಮಲಗಿತು. ಗಾರ್ಡಿ ಒರಗುಕುರ್ಚಿಯಲ್ಲಿ ಫುಟ್‌ಬಾಲ್ ಪಂದ್ಯ ಹಚ್ಚಿಕೊಂಡ. ಮಾರಿಟ್ ಅಮ್ಮನ ಹಿಂದೆಯೇ ಗ್ಯಾರೇಜಿಗೆ ಬಂದು ಬಾಲದ ಸುತ್ತ ಒಂದು ಸುತ್ತು ಹಾಕಿದಳು.

"ಇದಕ್ಕಾಗಿ ನನ್ನ ಮಗು ಬೇಡ ಅಂದೆ, ಅಲ್ವಾ?"

"ಇಲ್ಲ ಕಣೇ, ಅದನ್ನೇ ಹೇಳೋಣ ಅಂತ..."

"ಎಷ್ಟು ಉಳಿದಿದೆ?"

"ಒಳಮೂಲೇಲಿ ಒಂದು ಸಾಲು. ನನ್ನ ತೋಳು ಅಲ್ಲಿಗೆ ಹೋಗಲ್ಲ. ಬಿಡು ಅದನ್ನ."

ಮಾರಿಟ್ ಸ್ವೆಟರ್ ಕಳಚಿ ಕೊಕ್ಕೆಗೆ ಹಾಕಿದಳು. "ಕೊಡು ಆ ಕಬ್ಬಿಣ. ದಿನಾ ಜನರ ಬಾಯೊಳಗೆ ಕೈ ಹಾಕೋಳು ನಾನು. ಬೈಯೋದನ್ನ ಆಮೇಲೆ ಬೈತೀನಿ."

ಮಗಳ ತೆಳ್ಳಗಿನ ತೋಳು ಭುಜದವರೆಗೂ ಒಳಗೆ ಹೋಯಿತು. ಇಬ್ಬರೂ ಕಿವಿಗೆ ಸದ್ದು ತಡೆಯುವ ಬಟ್ಟಲುಗಳನ್ನು ಏರಿಸಿಕೊಂಡರು. ಮಗುವಿನ ಕೋಣೆಯ ಸದ್ದು ಹಿಡಿಯುವ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟರು. ಅತ್ತರೆ ಅದರಲ್ಲಿ ಕೆಂಪು ದೀಪ ಹೊತ್ತುತ್ತದೆ. ಗಟ್ಟಿಗೆ ಸರಿಯಾದ ಜಾಗ ಹುಡುಕುವುದೇ ದೊಡ್ಡ ಕಷ್ಟ. ಅದು ಸಿಕ್ಕಿ ಮಾರಿಟ್ ತಲೆಯಾಡಿಸಿದ ಹೊತ್ತಿಗೆ ಕೆಂಪು ದೀಪ ಹೊತ್ತಿತು.

ಬಾಗಿಲು ತೆರೆದು ಗಾರ್ಡಿ ನಿಂತ. ಅವನ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಏನೆನ್ನುತ್ತಿದ್ದಾನೆಂದು ಇಬ್ಬರಿಗೂ ಗೊತ್ತು: ಮಗು ಅಳ್ತಿದೆ. ಆರ್ಲಿಸ್‌ಳ ಕೈ ತಾನಾಗಿಯೇ ಗನ್ ಕೆಳಗಿಡಲು ಹೊರಟಿತು. ಮಾರಿಟ್ ಅಲುಗಾಡದೆ, ಎರಡು ಕಿವಿಬಟ್ಟಲುಗಳನ್ನೂ ದಾಟಿ ಕೇಳುವಂತೆ ಕಿರುಚಿದಳು. "ಹೊಡಿ ಅಮ್ಮ! ಕೈ ತೆಗೆದ್ರೆ ಮತ್ತೆ ಜಾಗ ಸಿಗಲ್ಲ. ಅಪ್ಪಂಗೆ ಕೈಯಿಲ್ವಾ?"

ಆರ್ಲಿಸ್ ಹೊಡೆದಳು. ಗಾರ್ಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಕಾಣೆಯಾದ. ದೀಪ ಉರಿಯುತ್ತಲೇ ಇತ್ತು. ಮುಂದಿನ ರಿವೆಟ್ಟಿಗೆ ಅವಳ ಕಣ್ಣು ಆ ದೀಪದ ಮೇಲಿತ್ತು. ಗನ್ ಜರುಗಿತು, ರಿವೆಟ್ ಸೊಟ್ಟಗಾಯಿತು. ಒಂದೆರಡು ರಿವೆಟ್ಟಾದ ಮೇಲೆ ದೀಪ ಆರಿತು.

ಗಾರ್ಡಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ. ಮಗುವಿನ ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ ಕೂತಿದ್ದವು. ಸರಿಪಡಿಸಲು ಆರ್ಲಿಸ್‌ಳ ಬೆರಳುಗಳು ತವಕಿಸಿದವು.

"ಒದ್ದೆ ಆಗಿತ್ತು, ಬದಲಾಯಿಸ್ದೆ," ಎಂದ, ಯಾರೋ ನಂಬುವುದಿಲ್ಲವೇನೋ ಎಂಬಂತೆ. ಆಮೇಲೆ ಮಗಳನ್ನು ನೋಡದೆ ಕೇಳಿದ: "ಮಂಗಳವಾರ, ಗುರುವಾರ ತಾನೆ? ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ."

ನಿಜ, ಯಾರೂ ಕೇಳಿರಲಿಲ್ಲ. ಅವನು ರಸ್ತೆಯ ಮಂಜು ತಳ್ಳುವ ಕೆಲಸದಿಂದ ನಿವೃತ್ತನಾಗಿ ವರ್ಷಗಳಾಗಿದ್ದವು. ಬೆಳಿಗ್ಗೆ ಮಂಜು ಕೆರೆದು ಅವನು ಹೋಗುತ್ತಿದ್ದದ್ದು ಹೋಟೆಲಿಗೆ, ಗೆಳೆಯರ ಜೊತೆ ಕಾಫಿ ಕುಡಿಯಲು. ಕೇಳಬೇಕೆಂದು ಮಗಳಿಗೆ ಹೊಳೆದಿರಲಿಲ್ಲ. ಹೊಳೆಯದ ಹಾಗೆ ಬೆಳೆಸಿದವಳು ತಾನೇ ಎಂಬುದು ಆರ್ಲಿಸ್‌ಗೆ ಆ ಸೊಟ್ಟ ರಿವೆಟ್ಟಿನ ಮುಂದೆ ತಟ್ಟಿತು.

"ಕೇಳಿದ್ರೆ ಹೂಂ ಅಂತಿದ್ದೆಯಾ?" ಎಂದಳು ಮಾರಿಟ್.

"ಗೊತ್ತಿಲ್ಲ ಕಣಮ್ಮ," ಎಂದ ಗಾರ್ಡಿ ಪ್ರಾಮಾಣಿಕವಾಗಿ. "ಇವಳು ಏನು ತಿಂತಾಳೆ?"

ಆರ್ಲಿಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ತಡೆದಳು. "ನಾನು ಹೇಳ್ಕೊಡ್ತೀನಿ. ನೀನು ಆ ಸೊಟ್ಟ ರಿವೆಟ್ಟನ್ನ ಕೊರೆದು ತೆಗಿ ಅಮ್ಮ," ಎಂದಳು ಮಾರಿಟ್. ಸೋಮವಾರ ಅವಳು ಡಾಕ್ಟರ ಬಳಿ ಕೆಲಸ ಬಿಡುವ ಮಾತೆತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಮಂಜು ಕೆರೆಯುವ ಸದ್ದಿರಲಿಲ್ಲ. ಟ್ರಕ್ಕು ಬಿಳಿ ದಿಬ್ಬದಂತೆ ಹೊರಗೇ ನಿಂತಿತ್ತು. ಆರ್ಲಿಸ್ ಗ್ಯಾರೇಜಿನಲ್ಲಿ ಮುಂದಿನ ತಗಡಿನ ಅಂಚು ಉಜ್ಜಲು ಕೂತಳು. ಆ ಕೆಲಸಕ್ಕೆ ಒಬ್ಬರೇ ಸಾಕು. ಒಳಗೆ ಮಗು ಅಳತೊಡಗಿತು. ಏನೋ ಕೆಳಗೆ ಬಿದ್ದ ಸದ್ದು, ಗಾರ್ಡಿಯ ಗೊಣಗಾಟ. ಅವಳು ಎದ್ದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಅಳು ನಿಲ್ಲಲಿಲ್ಲ. ಕಿವಿಬಟ್ಟಲುಗಳು ಬೇಕಾಗುವಂಥ ಕೆಲಸ ಅದಾಗಿರಲಿಲ್ಲ. ಆದರೂ ಅವಳು ಹಿಡಿ ಬಿಟ್ಟು ಬಂದು, ಅಂಗಡಿಯಲ್ಲಿ ಕದಿಯುವವಳಂತೆ ಒಮ್ಮೆ ಹಿಂದೆ ನೋಡಿ, ಅವನ್ನು ಕಿವಿಗೆ ಏರಿಸಿಕೊಂಡಳು.