ರೂಟರ್ ಇರುವುದು ಹಾಲ್‌ನಲ್ಲಿ, ವೈಫೈ ಸಿಗುವುದು ಅಡುಗೆಮನೆಯಲ್ಲಿ

ಸ್ನೇಹಿತರೇ, ಇದು ಹೇಗೆಂದು ಯಾರಾದರೂ ಹೇಳಿ. ಇವತ್ತು ಸಾಲಿಗ್ರಾಮದಲ್ಲಿ ತಂಗಿಯ ಸೀಮಂತ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿರುವ ಅವ್ವ, ಹುಣಸೂರಿನ ನಮ್ಮ ಮನೆಯಲ್ಲೇ ಟ್ಯಾಬ್‌ನಲ್ಲಿ ನೋಡುತ್ತಿದ್ದಳು. ರೂಟರ್ ಇರುವುದು ಅವಳ ಮಂಚದ ಮೇಲಿನ ಗೋಡೆಯಲ್ಲೇ. ಆದರೂ ತಂಗಿಯ ಮುಖ ಕಾಣುವಷ್ಟರಲ್ಲಿ ವಿಡಿಯೊ ನಿಂತುಬಿಡುತ್ತಿತ್ತು. ರೂಟರನ್ನೂ ಟ್ಯಾಬನ್ನೂ ಆಫ್ ಮಾಡಿ ಆನ್ ಮಾಡಿದೆ. ಊಹೂಂ. ಬೇಸತ್ತು ಟ್ಯಾಬನ್ನು ಅಡುಗೆಮನೆಗೆ ಒಯ್ದರೆ ಚೆನ್ನಾಗಿ ಬಂತು! ಅವ್ವನ ಬಳಿ ತಂದರೆ ಮತ್ತೆ ಹೋಯಿತು.

“ಅದು ಇಲ್ಲಿಗೆ ಬರ್ದಿದ್ರೆ ನನ್ನೇ ಅಲ್ಲಿಗೆ ಒತ್ಕೊಂಡೋಗು ಕಣ್ಲಾ, ಆರತಿ ಆಗೋಯ್ತದೆ,” ಎಂದಳು ಅವ್ವ.

ನಾನೂ ಹೆಂಡತಿಯೂ ಅವಳನ್ನು ಮಂಚದ ಸಮೇತ ಎತ್ತಿ ಒಲೆಯ ಪಕ್ಕ ಇಟ್ಟೆವು. ಅವ್ವ ಆರತಿ ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಒಲೆಯ ಕಡೆ ತಿರುಗಿ, “ಸಾರಿಗೆ ಇನ್ನೊಂಚೂರು ಉಪ್ಪಾಕವ್ವ. ಮಂಚ ಇಲ್ಲೇ ಇರ್ಲಿ ಬುಡಿ,” ಎಂದಳು.

ಹೆಂಡತಿ ನನ್ನನ್ನೇ ನೋಡಿದಳು. “ರೀ, ಮೊದ್ಲು ಆ ವೈಫೈ ಸರಿ ಮಾಡ್ಸಿ.”